ಉರಿಬಾಯಿ ಲಕ್ಷಣಕೂಟ

ಉರಿಬಾಯಿ ಲಕ್ಷಣಕೂಟ ಎಂದರೆ ಬಾಯೊಳಗೆ ಕಣ್ಣಿಗೆ ಕಾಣುವ ಹುಣ್ಣು, ಗಾಯ, ಕಲೆ ಯಾವುದೂ ಇಲ್ಲದಿದ್ದರೂ ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು, 3 ತಿಂಗಳಿಗಿಂತ ಹೆಚ್ಚು ಕಾಲ ದಿನವೂ ಮರುಕಳಿಸುವ ಉರಿ ಅಥವಾ ಅಹಿತಕರ ಸಂವೇದನೆ. ಉರಿ ಸಾಮಾನ್ಯವಾಗಿ ನಾಲಿಗೆಯ ತುದಿ ಮತ್ತು ಎರಡು ಅಂಚುಗಳಲ್ಲಿ ತೋರುತ್ತದೆ. ಕೆಳತುಟಿಯ ಒಳಭಾಗ ಮತ್ತು ಅಂಗುಳದ ಮುಂಭಾಗವೂ ಉರಿಯಬಹುದು. ಬಹುತೇಕ ರೋಗಿಗಳಲ್ಲಿ ಅದು ಎಡಬಲ ಎರಡೂ ಕಡೆ ಸಮನಾಗಿರುತ್ತದೆ. ಜೊತೆಗೆ ಬಾಯಿ ಒಣಗಿದ ಭಾವನೆ ಮತ್ತು ಕಹಿ ಅಥವಾ ಲೋಹದಂಥ ರುಚಿ ಇರಬಹುದು. ಋತುಬಂಧದ ಆಸುಪಾಸಿನ ಮತ್ತು ಅದನ್ನು ದಾಟಿದ ಮಹಿಳೆಯರಲ್ಲಿ ಇದು ಹೆಚ್ಚು, ಮೂವತ್ತರೊಳಗಿನವರಲ್ಲಿ ಅಪರೂಪ.

ಬಾಯಿ ಉರಿಯುವವರೆಲ್ಲರಿಗೂ ಈ ರೋಗವಿರುವುದಿಲ್ಲ. ಈ ಲೇಖನ ಮುಖ್ಯವಾಗಿ ನೋಡುವ ಕರ್ನಾಟಕದ ಯಾದಗಿರಿ ಜಿಲ್ಲೆಯಲ್ಲಿ, ಅಂದರೆ ಯಾದಗಿರಿ, ಶಹಾಪುರ, ಸುರಪುರಗಳಂಥ ಕಡೆ, ಬಾಯಿ ಉರಿಗೆ ಪತ್ತೆಹಚ್ಚಬಹುದಾದ ಬೇರೆ ಕಾರಣಗಳೇ ಬಹಳ ಇವೆ: ಗುಟ್ಕಾ, ರಕ್ತಹೀನತೆ, ಜೀವಸತ್ವಗಳ ಕೊರತೆ, ಸಕ್ಕರೆ ಕಾಯಿಲೆ. ಅವನ್ನೆಲ್ಲ ಹುಡುಕಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕೊನೆಗೆ ಕೊಡುವ ಹೆಸರು ಇದು. ಆದರೆ ಒಮ್ಮೆ ಆ ಹೆಸರು ಕೊಟ್ಟ ಮೇಲೆ ಅದು ನಿಜವಾದ ನರದ ಕಾಯಿಲೆ. ರೋಗಿಯ ಕಲ್ಪನೆ ಅಲ್ಲ.

ಹೆಸರು ಮತ್ತು ಪರಿಭಾಷೆ

ವೈದ್ಯರ ಮಾತಿನಲ್ಲಿ ಇದು ಬರ್ನಿಂಗ್ ಮೌತ್ ಸಿಂಡ್ರೋಮ್. ಹಳೆಯ ಗ್ರಂಥಗಳಲ್ಲಿ ಗ್ಲಾಸೊಡೈನಿಯಾ (ನಾಲಿಗೆ ನೋವು), ಗ್ಲಾಸೊಪೈರೋಸಿಸ್ (ನಾಲಿಗೆ ಉರಿ), ಸ್ಟೊಮಟೊಡೈನಿಯಾ (ಬಾಯಿ ನೋವು) ಎಂಬ ಹೆಸರುಗಳಿವೆ. ಆಯುರ್ವೇದದಲ್ಲಿ ಬಾಯಿಯ ಉರಿಗೆ ಮುಖದಾಹ ಎಂದೂ ಬಾಯಿ ಹುಣ್ಣಿಗೆ ಮುಖಪಾಕ ಎಂದೂ ಹೆಸರು. ಹುಣ್ಣು ಬೇರೆ, ಬರೀ ಉರಿ ಬೇರೆ ಎಂಬ ವಿವೇಕ ಈ ಎರಡು ಪದಗಳಲ್ಲೇ ಇದೆ.

ಈ ಲೇಖನದಲ್ಲಿ ‘ಬಾಯಿ ಉರಿ’ ಎಂದರೆ ಯಾವುದೇ ಕಾರಣದಿಂದ ಬರುವ ಉರಿ, ಅಂದರೆ ಒಂದು ಲಕ್ಷಣ. ‘ಉರಿಬಾಯಿ ಲಕ್ಷಣಕೂಟ’ ಎಂದರೆ ಬೇರೆ ಕಾರಣ ಸಿಗದೆ ನರದ ದೋಷದಿಂದ ಬಂದ ರೋಗ.

ಯಾದಗಿರಿ ಸೀಮೆಯ ಆಡುಮಾತಿನಲ್ಲಿ ದೂರುಗಳು ಒಂದೇ ಬಗೆಯಾಗಿರುವುದಿಲ್ಲ. ‘ಬಾಯಿ ಉರಿಲಾಕತ್ತದ’, ‘ನಾಲಿಗಿ ಸುಟ್ಟಂಗ ಆಗ್ಯಾದ’, ‘ಖಾರ ತಡಿಯಂಗಿಲ್ಲ’ ಎಂಬ ಮೂರು ಮಾತುಗಳಲ್ಲಿ ಕೊನೆಯದಕ್ಕೆ ಬೇರೆಯೇ ಅರ್ಥವಿದೆ. ಖಾರದ ತುತ್ತು ಬಾಯಿಗಿಟ್ಟಾಗ ಮಾತ್ರ ಉರಿದರೆ ಬಾಯಿಯ ಒಳಪದರ ತೆಳುವಾಗಿದೆ ಅಥವಾ ಗಾಯಗೊಂಡಿದೆ ಎಂಬ ಶಂಕೆ ಮೊದಲು ಬರಬೇಕು. ಸುಮ್ಮನೆ ಕುಳಿತಾಗಲೂ ಉರಿದು, ಉಣ್ಣುವಾಗ ಆ ಉರಿ ತಗ್ಗಿದರೆ ಉರಿಬಾಯಿ ಲಕ್ಷಣಕೂಟದ ಶಂಕೆ. ಇದೊಂದೇ ಪ್ರಶ್ನೆಯಿಂದ ರೋಗ ತೀರ್ಮಾನವಾಗುವುದಿಲ್ಲ. ಆದರೆ ಯಾವ ದಾರಿಯಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ.

ಇತಿಹಾಸ

ನಾಲಿಗೆ ಉರಿಯ ವಿವರಣೆಗಳು 19ನೇ ಶತಮಾನದ ಯುರೋಪಿನ ವೈದ್ಯ ಬರಹಗಳಲ್ಲೇ ಸಿಗುತ್ತವೆ. ಬಾಯಿ ನೋಡಿದರೆ ಏನೂ ಕಾಣದ ಕಾರಣ, 20ನೇ ಶತಮಾನದ ಬಹುಭಾಗ ಇದನ್ನು ಮನಸ್ಸಿನ ಬೇನೆ ಎಂದೇ ಎಣಿಸಲಾಗಿತ್ತು. ನಡುವಯಸ್ಸು ದಾಟಿದ ಹೆಂಗಸರೇ ಹೆಚ್ಚಾಗಿ ಈ ದೂರು ತರುತ್ತಿದ್ದುದು ಆ ತಪ್ಪು ಎಣಿಕೆಯನ್ನು ಗಟ್ಟಿಗೊಳಿಸಿತು.

1989ರಲ್ಲಿ ಲೇಮಿ ಮತ್ತು ಲೂಯಿಸ್ ದಿನದ ಹೊತ್ತಿಗೆ ತಕ್ಕಂತೆ ಉರಿಯನ್ನು ಮೂರು ಬಗೆಗಳಾಗಿ ವಿಂಗಡಿಸಿದರು. 1990ರ ದಶಕದ ಕೊನೆಯಿಂದ ಫಿನ್‌ಲೆಂಡಿನ ಸಂಶೋಧಕರು ಈ ರೋಗಿಗಳ ಕಣ್ಣೆವೆ ಮಿಟುಕಿನ ಪ್ರತಿವರ್ತನೆಯನ್ನು ಅಳೆದು, ಮುಖದ ನರಮಾರ್ಗದಲ್ಲೇ ವ್ಯತ್ಯಾಸವಿದೆ ಎಂದು ತೋರಿಸಿದರು. 2005ರಲ್ಲಿ ಇಟಲಿಯ ಲೌರಿಯಾ ಮತ್ತು ಸಂಗಡಿಗರು ರೋಗಿಗಳ ನಾಲಿಗೆಯಿಂದ ತೆಗೆದ ಚಿಕ್ಕ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹೊರಪದರದ ತೆಳು ನರತಂತುಗಳು ಗಮನಾರ್ಹವಾಗಿ ಕಡಿಮೆಯಾಗಿದ್ದವು. ಕಾಣದ ರೋಗಕ್ಕೆ ಕಾಣುವ ಸಾಕ್ಷ್ಯ ಸಿಕ್ಕಿದ್ದು ಹೀಗೆ. ಅಂತರರಾಷ್ಟ್ರೀಯ ತಲೆನೋವು ಸಂಘದ 2018ರ ವರ್ಗೀಕರಣ ಮತ್ತು 2020ರಲ್ಲಿ ಬಂದ ಬಾಯಿ–ಮುಖ ನೋವುಗಳ ಅಂತರರಾಷ್ಟ್ರೀಯ ವರ್ಗೀಕರಣ ಎರಡೂ ಇದಕ್ಕೆ ಸ್ವತಂತ್ರ ರೋಗದ ಸ್ಥಾನ ಕೊಟ್ಟಿವೆ.

ಪ್ರದೇಶ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹಾಗೂ ಆಚೀಚೆ ಹರಡಿರುವ ಯಾದಗಿರಿ ಜಿಲ್ಲೆ 2009ರ ಡಿಸೆಂಬರ್ 30ರಂದು ಗುಲ್ಬರ್ಗ (ಈಗಿನ ಕಲಬುರಗಿ) ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. ಆಗ ಅದಕ್ಕೆ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳಿದ್ದವು. ಗುರುಮಠಕಲ್, ವಡಗೇರಾ, ಹುಣಸಗಿ ಅನಂತರ ಸೇರಿದವು. 2011ರ ಜನಗಣತಿಯಲ್ಲಿ ಜನಸಂಖ್ಯೆ 11.74 ಲಕ್ಷ, ಸಾಕ್ಷರತೆ ಶೇ. 52ರ ಆಸುಪಾಸು, ರಾಜ್ಯದ ಜಿಲ್ಲೆಗಳಲ್ಲೇ ಕನಿಷ್ಠ. 1956ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಬಿಳಿಜೋಳ ಇಲ್ಲಿನ ಮೂಲ ಆಹಾರ. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯಿಂದ ಕಾಲುವೆ ನೀರು ಬಂದ ಮೇಲೆ ಶಹಾಪುರ–ಸುರಪುರಗಳ ಹೊಲಗಳಲ್ಲಿ ಭತ್ತ, ಹತ್ತಿ, ಕೆಂಪು ಮೆಣಸಿನಕಾಯಿ ಹೆಚ್ಚಿದವು.

ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುವುದು ಇಲ್ಲಿ ವಿಶೇಷವಲ್ಲ. ದುಡಿಯಲು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳು ಬಹಳ. ಆಹಾರ, ಬಿಸಿಲು, ಚಟ, ವಲಸೆ ಇವೆಲ್ಲ ಬಾಯಿ ಉರಿಯ ಕಾರಣಗಳ ಮೇಲೂ ಚಿಕಿತ್ಸೆಯ ಮೇಲೂ ನೇರ ಪ್ರಭಾವ ಬೀರುತ್ತವೆ.

ರೋಗ ಉಂಟಾಗುವ ಬಗೆ

ಮೆಣಸಿನಕಾಯಿ ತಿಂದಾಗ ನಾಲಿಗೆ ಏಕೆ ಉರಿಯುತ್ತದೆ ಎಂಬುದು ತಿಳಿದರೆ ಈ ರೋಗದ ಅರ್ಧ ತಿಳಿದಂತೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಯಾವ ಅಂಗಾಂಶವನ್ನೂ ಸುಡುವುದಿಲ್ಲ. ಅದು ನೋವಿನ ನರತುದಿಗಳಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಿಯನ್ನು ತೆರೆಯುತ್ತದೆ. ಅದೇ ಗ್ರಾಹಿ ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿಗೂ ತೆರೆದುಕೊಳ್ಳುತ್ತದೆ. ಆದ್ದರಿಂದ ಖಾರವನ್ನು ಮಿದುಳು ‘ಬೆಂಕಿ’ ಎಂದೇ ಓದುತ್ತದೆ. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಈ ಗ್ರಾಹಿಯನ್ನು ಗುರುತಿಸಿತು. ಅದಕ್ಕಾಗಿ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಉರಿಬಾಯಿ ಲಕ್ಷಣಕೂಟದ ರೋಗಿಗಳ ನಾಲಿಗೆಯಲ್ಲಿ ನರತಂತುಗಳ ಸಂಖ್ಯೆ ಕಡಿಮೆ, ಆದರೆ ಉಳಿದ ತಂತುಗಳಲ್ಲಿ ಈ ಗ್ರಾಹಿ ಹೆಚ್ಚು ಎಂದು ಅಂಗಾಂಶ ಪರೀಕ್ಷೆಗಳು ತೋರಿಸಿವೆ. ಖಾರವಿಲ್ಲದೆಯೇ ಖಾರದ ಸಂದೇಶ ಹೋಗುತ್ತಿರುತ್ತದೆ.

ಎರಡನೆಯ ವಿವರಣೆ ರುಚಿಗೆ ಸಂಬಂಧಿಸಿದ್ದು. ನಾಲಿಗೆಯ ಮುಂಭಾಗದ ರುಚಿಯನ್ನು ಒಯ್ಯುವ ಕಾರ್ಡಾ ಟಿಂಪನಿ ಎಂಬ ನರ ಸಹಜವಾಗಿ ನೋವಿನ ನರವನ್ನು ಹದ್ದುಬಸ್ತಿನಲ್ಲಿಡುತ್ತದೆ. ರುಚಿನರ ದುರ್ಬಲವಾದಾಗ ಆ ಅಂಕೆ ಸಡಿಲವಾಗಿ ನೋವಿನ ನರ ತಾನಾಗಿ ಮಿಡಿಯುತ್ತದೆ. ಉಣ್ಣುವಾಗ ರುಚಿನರ ಚುರುಕಾಗುವುದರಿಂದ ಉರಿ ತಗ್ಗುತ್ತದೆ ಎಂಬುದಕ್ಕೆ ಇದು ಒಪ್ಪುವ ಕಾರಣ. ಮೂರನೆಯದು ಮಿದುಳಿನಲ್ಲಿ ನೋವನ್ನು ತಣಿಸುವ ಡೋಪಮಿನ್ ವ್ಯವಸ್ಥೆಯ ಕೊರತೆ. ಋತುಬಂಧದ ಹಾರ್ಮೋನು ಬದಲಾವಣೆ ಈ ಮೂರನ್ನೂ ಪ್ರಚೋದಿಸಬಹುದು. ಗರ್ಭಕೋಶದ ಶಸ್ತ್ರಚಿಕಿತ್ಸೆಯ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಋತುಬಂಧ ಒಮ್ಮೆಗೇ ಬರುತ್ತದೆ. ಹೀಗಾಗಿ ಚಿಕ್ಕ ವಯಸ್ಸಿನ ರೋಗಿಯಲ್ಲಿಯೂ ಆ ಶಸ್ತ್ರಚಿಕಿತ್ಸೆಯ ವಿವರ ಕೇಳಬೇಕಾಗುತ್ತದೆ.

ಆತಂಕ, ಖಿನ್ನತೆ, ನಿದ್ರಾಹೀನತೆ ಈ ರೋಗಿಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ಅವು ಉರಿಯನ್ನು ಹೆಚ್ಚಿಸುತ್ತವೆ, ಉರಿ ಅವನ್ನು ಹೆಚ್ಚಿಸುತ್ತದೆ.

ಬಗೆಗಳು

ಲೇಮಿ–ಲೂಯಿಸ್ ವಿಂಗಡಣೆಯ ಮೊದಲ ಬಗೆಯಲ್ಲಿ ಬೆಳಗ್ಗೆ ಏಳುವಾಗ ಉರಿ ಇರುವುದಿಲ್ಲ. ಹೊತ್ತೇರಿದಂತೆ ಏರಿ ಸಂಜೆಗೆ ತುದಿ ಮುಟ್ಟುತ್ತದೆ. ಎರಡನೆಯದರಲ್ಲಿ ಎಚ್ಚರವಿರುವಷ್ಟು ಹೊತ್ತೂ ಒಂದೇ ಸಮ ಉರಿ. ಆತಂಕದ ನಂಟು ಇದರಲ್ಲಿ ಹೆಚ್ಚು. ಮೂರನೆಯದರಲ್ಲಿ ಕೆಲವು ದಿನ ಉರಿ ಇದ್ದು ಕೆಲವು ದಿನ ಇರುವುದಿಲ್ಲ, ಗಂಟಲು, ಕೆನ್ನೆಯ ಒಳಭಾಗದಂಥ ಅಪರೂಪದ ಜಾಗಗಳೂ ಉರಿಯುತ್ತವೆ. ಇಂಥವರಲ್ಲಿ ಆಹಾರ ಅಥವಾ ಹಲ್ಲಿನ ಸಾಮಗ್ರಿಯ ಅಲರ್ಜಿಯನ್ನು ಹುಡುಕಬೇಕು.

ಕಾರಣದ ಮೇಲೆ ಇನ್ನೊಂದು ವಿಂಗಡಣೆಯಿದೆ. ಕಾರಣ ಸಿಗದಿದ್ದರೆ ಪ್ರಾಥಮಿಕ, ಸಿಕ್ಕರೆ ದ್ವಿತೀಯಕ. ಇತ್ತೀಚಿನ ವರ್ಗೀಕರಣಗಳು ಕಾರಣ ಸಿಕ್ಕ ಉರಿಯನ್ನು ಆ ಕಾರಣದ ಹೆಸರಿನಿಂದಲೇ ಕರೆದು, ಲಕ್ಷಣಕೂಟದ ಹೆಸರನ್ನು ಪ್ರಾಥಮಿಕ ಬಗೆಗೆ ಮಾತ್ರ ಮೀಸಲಿಟ್ಟಿವೆ. ಈ ಲೇಖನದಲ್ಲಿಯೂ ಅದೇ ಕ್ರಮ.

ಬಾಯಿ ಉರಿಯ ಇತರ ಕಾರಣಗಳು

ಅಡಿಕೆ, ಗುಟ್ಕಾ ಮತ್ತು ತಂಬಾಕು: ಕಲ್ಯಾಣ ಕರ್ನಾಟಕದಲ್ಲಿ (ಹಿಂದಿನ ಹೈದರಾಬಾದ್ ಕರ್ನಾಟಕ) ಯುವಕನೊಬ್ಬ ಬಾಯಿ ಉರಿಯೆಂದು ಬಂದರೆ ವೈದ್ಯರು ಮೊದಲು ನೆನೆಯಬೇಕಾದ ರೋಗ ಬಾಯಿಯ ಸಬ್‌ಮ್ಯೂಕಸ್ ಫೈಬ್ರೋಸಿಸ್. ಇದರಲ್ಲಿ ಬಾಯಿಯ ಒಳಪದರದ ಅಡಿಯಲ್ಲಿ ನಾರಿನಂಥ ಪಟ್ಟಿಗಳು ಬೆಳೆಯುತ್ತವೆ. ಆರಂಭದಲ್ಲಿ ಖಾರ ತಡೆಯುವುದಿಲ್ಲ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿ ಬಿರುಸಾಗುತ್ತದೆ, ಬಾಯಿ ಅಗಲಿಸಲು ಬರುವುದಿಲ್ಲ, ನಾಲಿಗೆ ಹೊರಚಾಚಲು ಆಗುವುದಿಲ್ಲ, ಶಿಳ್ಳೆ ಹಾಕುವುದೂ ಕಷ್ಟ. ನೇರವಾಗಿ ಹಿಡಿದ ತನ್ನದೇ ಮೂರು ಬೆರಳುಗಳು ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಹಿಡಿಸದಿದ್ದರೆ ಬಾಯಿ ತೆರೆಯುವಿಕೆ ಕುಗ್ಗಿದೆ ಎಂದರ್ಥ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು.

1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಕೆನ್ಯಾದಲ್ಲಿ ನೆಲಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ವರ್ಣಿಸಿದರು. ಮರುವರ್ಷ ಮುಂಬೈನ ಜೋಶಿ ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರು ಕೊಟ್ಟರು. ಅಡಿಕೆಯ ಅರೆಕೋಲಿನ್ ಮತ್ತು ತಾಮ್ರದ ಅಂಶ ಕೊಲಾಜನ್ ನಾರನ್ನು ಹೆಚ್ಚಿಸಿ, ಅದು ಕರಗದಂತೆ ಮಾಡುತ್ತವೆ. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ರೋಗ ಬರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂದು ಪಟ್ಟಿ ಮಾಡಿದೆ. ಕೇರಳದ ಎರ್ನಾಕುಲಂನಲ್ಲಿ 17 ವರ್ಷ ನಡೆದ ಅಧ್ಯಯನದಲ್ಲಿ ಈ ರೋಗವಿದ್ದವರ ಪೈಕಿ ಶೇ. 7.6 ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆ ಮೇಲೆ ಪಾನ್ ಮಸಾಲೆಯ ಒಂದು ಚೀಟಿ, ತಂಬಾಕಿನ ಇನ್ನೊಂದು ಚೀಟಿ ಬೇರೆಬೇರೆಯಾಗಿ ಮಾರಾಟವಾಗಿ ಅಂಗೈಯಲ್ಲಿ ಒಂದಾಗುತ್ತಿವೆ.

ಸುಣ್ಣ ಬೆರೆಸಿ ತಿಕ್ಕಿದ ತಂಬಾಕನ್ನು ತುಟಿಯ ಹಿಂದೆ ಇಟ್ಟುಕೊಂಡರೆ ಸುಣ್ಣದ ಕ್ಷಾರವೇ ಒಳಪದರವನ್ನು ಸುಡುತ್ತದೆ. ಹಲ್ಲುಜ್ಜಲು ಬಳಸುವ ಸುಟ್ಟ ತಂಬಾಕಿನ ಮಿಶ್ರಿ, ತಪಕೀರು ಕೂಡ ಇದೇ ಗುಂಪಿಗೆ ಸೇರುತ್ತವೆ. ಇವನ್ನು ಹೆಂಗಸರು ಚಟವೆಂದು ಎಣಿಸದೆ ಹಲ್ಲುಪುಡಿ ಎಂದೇ ಹೇಳುವುದರಿಂದ, ‘ತಂಬಾಕು ಹಾಕುತ್ತೀರಾ’ ಎಂಬ ಪ್ರಶ್ನೆಗಿಂತ ‘ಹಲ್ಲು ಯಾವುದರಿಂದ ತಿಕ್ಕುತ್ತೀರಿ’ ಎಂಬ ಪ್ರಶ್ನೆ ಹೆಚ್ಚು ಫಲ ಕೊಡುತ್ತದೆ.

ರಕ್ತಹೀನತೆ ಮತ್ತು ಬೋಳು ನಾಲಿಗೆ: ನಾಲಿಗೆಯ ಮೇಲಿನ ಸಣ್ಣ ಮುಳ್ಳುಗಳಂಥ ರಚನೆಗಳಿಗೆ ಅಂಕುರಗಳೆಂದು ಹೆಸರು. ಅವುಗಳ ಜೀವಕೋಶಗಳು ಬೇಗಬೇಗ ಸವೆದು ಹೊಸದಾಗಿ ಹುಟ್ಟುತ್ತಿರಬೇಕು. ಕಬ್ಬಿಣ, ಫೋಲಿಕ್ ಆಮ್ಲ ಅಥವಾ ಬಿ12 ಕಡಿಮೆಯಾದರೆ ಹೊಸ ಕೋಶಗಳು ಹುಟ್ಟದೆ ನಾಲಿಗೆ ಬೋಳಾಗುತ್ತದೆ, ಉರಿಯುತ್ತದೆ. ಕಬ್ಬಿಣದ ಕೊರತೆಯಲ್ಲಿ ಬಿಳಿಚಿದ ನಯವಾದ ನಾಲಿಗೆ, ಬಾಯಿಯ ಕೊನೆಗಳಲ್ಲಿ ಸೀಳು. ಬಿ12 ಕೊರತೆಯಲ್ಲಿ ದನದ ಮಾಂಸದಂತೆ ಕೆಂಪಗಿನ ನಾಲಿಗೆ, ಅದರ ಜೊತೆ ಕಾಲು ಜೋಮು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ಹೀಗಿರುವಾಗ ನಲವತ್ತೈದರ ಹೆಂಗಸಿನ ಬಾಯಿ ಉರಿಗೆ ಋತುಬಂಧವನ್ನೇ ಹೊಣೆ ಮಾಡುವ ಮುನ್ನ ರಕ್ತ ಪರೀಕ್ಷೆ ಮಾಡಿಸುವುದು ಕಡ್ಡಾಯ. ಬಿ12 ಸಸ್ಯಗಳಲ್ಲಿ ಇರುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸಗಳಿಂದಲೇ ಬರಬೇಕು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಮತ್ತು ಗ್ಯಾಸಿನ ಗುಳಿಗೆ ಎಂದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳನ್ನು ಬಿಡದೆ ತೆಗೆದುಕೊಳ್ಳುವವರಲ್ಲಿ ಬಿ12 ಹೀರಿಕೆ ಕುಗ್ಗುತ್ತದೆ.

ಜೋಳ ಮತ್ತು ಪೆಲಾಗ್ರ: ಈ ಸೀಮೆಯ ಬಾಯಿ ಉರಿಯ ಚರಿತ್ರೆಯಲ್ಲಿ ಪೆಲಾಗ್ರಕ್ಕೆ ವಿಶೇಷ ಸ್ಥಾನವಿದೆ. ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯಿಂದ ಬರುವ ಈ ರೋಗದಲ್ಲಿ ಬಿಸಿಲು ತಾಗುವ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿಯಾಗುತ್ತದೆ, ಬುದ್ಧಿ ಮಂಕಾಗುತ್ತದೆ. ಎಲ್ಲಕ್ಕೂ ಮೊದಲೇ ನಾಲಿಗೆ ಕೆಂಪಾಗಿ ಉರಿಯುವುದುಂಟು. ಯುರೋಪು ಮತ್ತು ಅಮೆರಿಕದಲ್ಲಿ ಇದು ಮೆಕ್ಕೆಜೋಳವನ್ನೇ ನಂಬಿದ ಬಡವರ ರೋಗವಾಗಿತ್ತು. ದಖ್ಖನಿನಲ್ಲಿ ಮಾತ್ರ ಬಿಳಿಜೋಳ ತಿನ್ನುವವರಲ್ಲಿ ಕಾಣಿಸಿತು. ಹೈದರಾಬಾದಿನ ಪೌಷ್ಟಿಕಾಂಶ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದಕ್ಕೊಂದು ಕಾರಣ ಮುಂದಿಟ್ಟರು: ಜೋಳದಲ್ಲಿ ನಯಾಸಿನ್ ತೀರ ಕಡಿಮೆಯೇನಲ್ಲ, ಆದರೆ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿದ್ದು ದೇಹದ ನಯಾಸಿನ್ ಬಳಕೆಗೆ ಅಡ್ಡಿಯಾಗುತ್ತದೆ. ಈ ವಾದವನ್ನು ಮುಂದಿನ ಸಂಶೋಧಕರು ಪೂರ್ತಿ ಒಪ್ಪಲಿಲ್ಲ. ಏಕಾಹಾರ ಅಪಾಯಕಾರಿ ಎಂಬ ಮೂಲ ಗ್ರಹಿಕೆ ಮಾತ್ರ ನಿಂತಿದೆ.

ಹಾಗೆಂದು ಜೋಳದ ರೊಟ್ಟಿ ದೋಷದ ಆಹಾರವಲ್ಲ. ಬರೀ ರೊಟ್ಟಿ–ಖಾರದಲ್ಲೇ ದಿನ ತಳ್ಳುತ್ತಿದ್ದವರಿಗೆ ಪೆಲಾಗ್ರ ಬಂತು. ಬೇಳೆ, ಮೊಸರು, ಕಾಳುಪಲ್ಯ, ಶೇಂಗಾ ಹಿಂಡಿಯ (ಚಟ್ನಿಪುಡಿಯ) ಜೊತೆ ಉಂಡವರಿಗೆ ಬರಲಿಲ್ಲ. ಶೇಂಗಾ ನಯಾಸಿನ್‌ನ ಒಳ್ಳೆಯ ಆಕರ. ರೊಟ್ಟಿಯ ತಟ್ಟೆಯಲ್ಲಿ ಶೇಂಗಾ ಹಿಂಡಿಗೆ ಕಾಯಂ ಜಾಗ ಕೊಟ್ಟ ಅಡುಗೆ ಪದ್ಧತಿ ಪೌಷ್ಟಿಕಶಾಸ್ತ್ರಕ್ಕೂ ಸರಿಹೊಂದುತ್ತದೆ. ಪಡಿತರದ ಅಕ್ಕಿ ಬಂದು ಆಹಾರ ಮಿಶ್ರವಾದ ಮೇಲೆ ಪೆಲಾಗ್ರ ಬಹಳ ತಗ್ಗಿದೆ. ಈಗ ಅದು ಕಾಣುವುದು ಹೆಚ್ಚಾಗಿ ಮದ್ಯವ್ಯಸನಿಗಳಲ್ಲಿ ಮತ್ತು ಕ್ಷಯಕ್ಕೆ ಐಸೋನಯಜಿಡ್ ತೆಗೆದುಕೊಳ್ಳುವ ಅಪೌಷ್ಟಿಕ ರೋಗಿಗಳಲ್ಲಿ. ಇದೇ ಗೋಪಾಲನ್ 1946ರಲ್ಲಿ ಉರಿಪಾದ ಲಕ್ಷಣಕೂಟವನ್ನೂ ವರ್ಣಿಸಿದ್ದರು. ಪಾದ ಮತ್ತು ನಾಲಿಗೆ ಒಟ್ಟಿಗೆ ಉರಿಯುವ ರೋಗಿಯಲ್ಲಿ ಬಿ ಗುಂಪಿನ ಜೀವಸತ್ವಗಳ ಕೊರತೆಯನ್ನೂ ಸಕ್ಕರೆ ಕಾಯಿಲೆಯನ್ನೂ ಮೊದಲು ನೋಡಬೇಕು.

ಉಳಿದ ಕಾರಣಗಳು: ಕ್ಯಾಂಡಿಡಾ ಶಿಲೀಂಧ್ರ, ಅದರಲ್ಲೂ ರಾತ್ರಿ ಹಲ್ಲಿನ ಸೆಟ್ ತೆಗೆಯದೆ ಮಲಗುವವರಲ್ಲಿ ಮತ್ತು ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ, ಲೈಕೆನ್ ಪ್ಲೇನಸ್ ಎಂಬ ಬಿಳಿ ಜಾಲರಿಯಂಥ ಚರ್ಮರೋಗ, ಥೈರಾಯ್ಡ್ ಕೊರತೆ, ಹುಳಿತೇಗು, ಜೊಲ್ಲು ಬತ್ತಿಸುವ ಮಾತ್ರೆಗಳು, ರಕ್ತದೊತ್ತಡದ ಎನಲಾಪ್ರಿಲ್, ಲಿಸಿನೊಪ್ರಿಲ್ ಗುಂಪಿನ ಔಷಧಗಳು, ಟೂತ್‌ಪೇಸ್ಟಿನ ನೊರೆಕಾರಕ ಮತ್ತು ದಾಲ್ಚಿನ್ನಿ ಸುವಾಸನೆ, ಸರಿಹೊಂದದ ಸೆಟ್ಟಿಗೆ ನಾಲಿಗೆಯನ್ನು ಸದಾ ಒತ್ತುವ ಅಭ್ಯಾಸ.

ಜಿಲ್ಲೆಯ ಕೆಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಹಲ್ಲಿಗೆ ಕಂದು ಕಲೆ ತರುತ್ತದೆ, ಮೂಳೆಗೆ ಹಾನಿ ಮಾಡುತ್ತದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಚರ್ಮರೋಗ ಬಂದದ್ದು ದಾಖಲಾಗಿದೆ. ಹಳೆಯ ಚಿನ್ನದ ಗಣಿ ಪ್ರದೇಶವಾದ, ಇದೇ ಸೀಮೆಯ (ಕರಾವಳಿಯದಲ್ಲದ) ಮಂಗಳೂರು ಶಿಲಾವಲಯದ ನೆಲ ಅದು. ಎರಡೂ ಗಂಭೀರ ಸಮಸ್ಯೆಗಳೇ. ಆದರೆ ಉರಿಬಾಯಿ ಲಕ್ಷಣಕೂಟದ ಕಾರಣಗಳ ಪಟ್ಟಿಯಲ್ಲಿ ಅವು ಇಲ್ಲ. ನೀರಿನ ಮೇಲೆ ಹೊರೆ ಹೊರಿಸಿ ರಕ್ತ ಪರೀಕ್ಷೆ ಬಿಡುವಂತಿಲ್ಲ.

ಗುರುತಿಸುವ ವಿಧಾನ

ರೋಗ ಗುರುತಿಸಲು ದೊಡ್ಡ ಯಂತ್ರ ಬೇಡ. ಕೇಳಬೇಕಾದುದನ್ನು ತಾಳ್ಮೆಯಿಂದ ಕೇಳುವುದು, ಒಳ್ಳೆಯ ಬೆಳಕಿನಲ್ಲಿ ಬಾಯಿಯ ಮೂಲೆಮೂಲೆಯನ್ನೂ ನೋಡಿ ಮುಟ್ಟುವುದು, ಆಮೇಲೆ ರಕ್ತ ಪರೀಕ್ಷೆ, ಇದೇ ಕ್ರಮ. ಉರಿ ಎಂದು ಶುರುವಾಯಿತು, ದಿನದ ಯಾವ ಹೊತ್ತಿನಲ್ಲಿ ಏರುತ್ತದೆ, ಊಟದಲ್ಲಿ ಏರುತ್ತದೆಯೋ ಇಳಿಯುತ್ತದೆಯೋ, ಅದರಿಂದ ರಾತ್ರಿ ಎಚ್ಚರವಾಗುತ್ತದೆಯೋ ಎಂಬುವು ಮುಖ್ಯ ಪ್ರಶ್ನೆಗಳು. ಲಕ್ಷಣಕೂಟದ ಉರಿ ಸಾಮಾನ್ಯವಾಗಿ ನಿದ್ದೆಯಿಂದ ಎಬ್ಬಿಸುವುದಿಲ್ಲ.

ನಾಲಿಗೆಯನ್ನು ಬಟ್ಟೆಯಿಂದ ಹಿಡಿದೆಳೆದು ಅದರ ಹಿಂಬದಿಯ ಅಂಚನ್ನೂ ಅಡಿಭಾಗವನ್ನೂ ನೋಡಬೇಕು, ಕ್ಯಾನ್ಸರ್ ಅಡಗಿಕೊಳ್ಳುವ ಜಾಗಗಳು ಅವು. ಸೆಟ್ ಇದ್ದರೆ ತೆಗೆಸಿ ನೋಡಬೇಕು. ಎರಡು ವಾರದಲ್ಲಿ ಮಾಯದ ಹುಣ್ಣು, ಕೆಂಪು ಅಥವಾ ಬಿಳಿ ಮಚ್ಚೆ, ಗಟ್ಟಿಯಾದ ಅಂಚು, ಒಂದೇ ಕಡೆಯ ಉರಿ, ಜೋಮು, ಕುತ್ತಿಗೆಯ ಗಂಟು, ಬಾಯಿ ತೆರೆಯಲಾಗದಿರುವುದು ಇವುಗಳಲ್ಲಿ ಒಂದಿದ್ದರೂ ಇದು ಉರಿಬಾಯಿ ಲಕ್ಷಣಕೂಟವೆಂದು ತೀರ್ಮಾನಿಸದೆ ತಜ್ಞರಲ್ಲಿಗೆ ಕಳುಹಿಸಬೇಕು. ಮಚ್ಚೆ ಅಥವಾ ಹುಣ್ಣು ಇದ್ದಲ್ಲಿ ಬಯಾಪ್ಸಿ ಬೇಕು. ಏನೂ ಕಾಣದ ನಾಲಿಗೆಗೆ ಬಯಾಪ್ಸಿ ಬೇಡ.

ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ಸಕ್ಕರೆ, ಥೈರಾಯ್ಡ್ ಪ್ರಮಾಣ ನೋಡುವುದು ವಾಡಿಕೆ. ಜೊಲ್ಲು ಅಳೆಯಲು ರೋಗಿಯನ್ನು ಸುಮ್ಮನೆ ಕೂರಿಸಿ ಒಂದು ಅಳತೆಯ ಕೊಳವೆಗೆ ಉಗುಳಿಸುತ್ತಾರೆ, ನಿಮಿಷಕ್ಕೆ 0.1 ಮಿಲಿಲೀಟರಿಗಿಂತ ಕಡಿಮೆಯಾದರೆ ಅದು ನಿಜವಾದ ಒಣಬಾಯಿ. ಲಕ್ಷಣಕೂಟದಲ್ಲಿ ಬಾಯಿ ಒಣಗಿದಂತೆ ತೋರಿದರೂ ಜೊಲ್ಲಿನ ಪ್ರಮಾಣ ಬಹುತೇಕ ಸರಿಯಾಗಿರುತ್ತದೆ.

ಚಿಕಿತ್ಸೆ

ಕಾರಣ ಸಿಕ್ಕಿದರೆ ಚಿಕಿತ್ಸೆ ಆ ಕಾರಣಕ್ಕೆ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬಿ12 ಕೊರತೆಯಿದ್ದಾಗ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸಿದರೂ ನರದ ಹಾನಿ ಮುಂದುವರಿಯುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್‌ನಲ್ಲಿ ಅಡಿಕೆ ಬಿಡುವುದೇ ಮೊದಲ ಚಿಕಿತ್ಸೆ. ಅದರ ಮೇಲೆ ಬಾಯಿ ಅಗಲಿಸುವ ವ್ಯಾಯಾಮ, ಸ್ಟೀರಾಯ್ಡ್ ಮತ್ತು ಹಯಲುರಾನಿಡೇಸ್ ಚುಚ್ಚುಮದ್ದು, ಬಿಗಿತ ಮೀರಿದಾಗ ಶಸ್ತ್ರಚಿಕಿತ್ಸೆ. ಬೆಳೆದ ನಾರು ಪೂರ್ತಿ ಕರಗುವುದಿಲ್ಲ. ಚಟ ಬಿಡಲು ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356 ಉಚಿತವಾಗಿ ಸಿಗುತ್ತದೆ.

ಕಾರಣ ಸಿಗದ ಉರಿಬಾಯಿ ಲಕ್ಷಣಕೂಟಕ್ಕೆ ಖಚಿತ ಗುಣ ತರುವ ಔಷಧ ಇಲ್ಲ. ಉರಿ ತಗ್ಗಿಸುವ ಔಷಧಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಕ್ಲೊನಜೆಪಾಮ್. 2004ರಲ್ಲಿ ಫ್ರಾನ್ಸಿನಲ್ಲಿ ನಡೆದ ಪ್ರಯೋಗದಲ್ಲಿ 1 ಮಿಲಿಗ್ರಾಂ ಗುಳಿಗೆಯನ್ನು ನುಂಗದೆ, ಉರಿಯುವ ಜಾಗದ ಬಳಿ 3 ನಿಮಿಷ ಜೊಲ್ಲಿನಲ್ಲಿ ಕರಗಿಸಿಟ್ಟುಕೊಂಡು ಉಗುಳುವುದು, ಹೀಗೆ ದಿನಕ್ಕೆ ಮೂರು ಬಾರಿ ಮಾಡಿದಾಗ ಎರಡು ವಾರದಲ್ಲಿ ಹಲವರ ಉರಿ ಇಳಿಯಿತು. ಮಂಪರು ಮತ್ತು ಅವಲಂಬನೆ ತರಬಲ್ಲ, ಮುದುಕರು ಬೀಳಲು ಕಾರಣವಾಗಬಲ್ಲ ಔಷಧ ಇದಾದ್ದರಿಂದ ವೈದ್ಯರ ಚೀಟಿ ಮತ್ತು ಉಸ್ತುವಾರಿಯಿಲ್ಲದೆ ಮುಟ್ಟಬಾರದು. ನರನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡ್ಯುಲಾಕ್ಸೆಟಿನ್ ಕೆಲವರಿಗೆ ನೆರವಾಗುತ್ತವೆ. ಅಮಿಟ್ರಿಪ್ಟಿಲಿನ್ ನೋವು ತಗ್ಗಿಸಿದರೂ ಬಾಯಿ ಒಣಗಿಸುತ್ತದೆ. ಆಲ್ಫಾ ಲಿಪೋಯಿಕ್ ಆಮ್ಲದ ಬಗ್ಗೆ ಫಲಿತಾಂಶಗಳು ಪರಸ್ಪರ ಹೊಂದುವುದಿಲ್ಲ. ಕ್ಯಾಪ್ಸೈಸಿನ್ ದ್ರಾವಣದಿಂದ ಬಾಯಿ ಮುಕ್ಕಳಿಸಿ ನರತುದಿಗಳನ್ನು ದಣಿಸುವ ಕ್ರಮವೂ ಇದೆ. ಮೊದಲ ದಿನಗಳ ಉರಿಗೆ ಹೆದರಿ ಅನೇಕರು ಬಿಡುತ್ತಾರೆ. ಮನೆಯಲ್ಲಿ ಖಾರದ ನೀರು ಮಾಡಿ ಮುಕ್ಕಳಿಸುವುದು ಇದಕ್ಕೆ ಬದಲಿಯಲ್ಲ, ಅದರಿಂದ ಒಳಪದರಕ್ಕೆ ಗಾಯವಾಗಬಹುದು. ಈ ಎಲ್ಲ ಚಿಕಿತ್ಸೆಗಳ ಆಧಾರಗಳನ್ನು ತೂಗಿದ 2016ರ ಕಾಕ್ರೇನ್ ವಿಮರ್ಶೆ ಅವುಗಳ ಗುಣಮಟ್ಟ ತೀರ ಕಡಿಮೆಯೆಂದು ಹೇಳಿದೆ.

ಅರಿವಿನ ವರ್ತನಾ ಚಿಕಿತ್ಸೆ ಉರಿಯ ತೀವ್ರತೆಯನ್ನು ತಗ್ಗಿಸುವುದುಂಟು. ಅದನ್ನು ಸೂಚಿಸುವಾಗ ‘ನಿಮಗೆ ಏನೂ ಇಲ್ಲ, ಎಲ್ಲ ಮನಸ್ಸಿನದು’ ಎಂಬ ಮಾತು ರೋಗಿಗೆ ಹಾನಿ ಮಾಡುತ್ತದೆ. ‘ನರ ತಪ್ಪು ಸಂದೇಶ ಕಳಿಸುತ್ತಿದೆ, ಕ್ಯಾನ್ಸರ್ ಅಲ್ಲ, ಅಂಟುವ ರೋಗವಲ್ಲ’ ಎಂದು ಬಿಡಿಸಿ ಹೇಳುವುದು ಚಿಕಿತ್ಸೆಯ ಭಾಗ. ಕ್ಯಾನ್ಸರ್ ಭಯದಿಂದ ದಿನವೂ ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುವವರಿಗೆ ಈ ಮಾತೇ ಅರ್ಧ ಸಮಾಧಾನ. ಮನೋಬೆಂಬಲಕ್ಕೆ ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲಿಯೂ ಲಭ್ಯ.

ದಿನಬಳಕೆಯ ಆರೈಕೆ

ಗುಟುಕು ಗುಟುಕಾಗಿ ನೀರು ಕುಡಿಯುವುದು, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯುವುದು, ಮಂಜುಗಡ್ಡೆಯ ಚೂರು ಚೀಪುವುದು ಉರಿಯನ್ನು ತಾತ್ಕಾಲಿಕವಾಗಿ ಇಳಿಸುತ್ತವೆ. ಮದ್ಯಸಾರವಿರುವ ಮೌತ್‌ವಾಶ್, ಗಾಢ ಪುದೀನ ಅಥವಾ ದಾಲ್ಚಿನ್ನಿ ಪೇಸ್ಟ್, ತೀರ ಬಿಸಿ ಚಹಾ ಬಿಡಬೇಕು. ಖಾರದ ಉರಿಯನ್ನು ನೀರಿಗಿಂತ ಹಾಲು, ಮಜ್ಜಿಗೆ ಚೆನ್ನಾಗಿ ತಣಿಸುತ್ತವೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಹಾಲಿನ ಕೇಸಿನ್ ಪ್ರೋಟೀನು ಅದನ್ನು ಹಿಡಿದು ಒಯ್ಯುತ್ತದೆ. ಕೆಂಪು ಖಾರ, ರಂಜಕ, ಹುಳಿ ಹೆಚ್ಚಿರುವ ಪುಂಡಿಪಲ್ಯ ಉರಿ ಕೆರಳಿಸಿದರೆ ಕಡಿಮೆ ಮಾಡಬಹುದು. ಆದರೆ ಉರಿಗೆ ಹೆದರಿ ಗಂಜಿ–ಅನ್ನಕ್ಕೇ ಸೀಮಿತವಾದರೆ ಜೀವಸತ್ವಗಳ ಕೊರತೆ ಸೇರಿಕೊಂಡು ರೋಗ ಎರಡಾಗುತ್ತದೆ. ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ, ನುಚ್ಚು, ಬೇಳೆಕಟ್ಟು, ಖಾರ ತಗ್ಗಿಸಿದ ಶೇಂಗಾ ಹಿಂಡಿ ಇವೆಲ್ಲ ಇಲ್ಲಿನ ಮನೆಯಲ್ಲೇ ಇರುವ ಹಿತವಾದ ಆಹಾರಗಳು. ಹಲ್ಲಿನ ಸೆಟ್ ಇದ್ದವರು ರಾತ್ರಿ ತೆಗೆದು ನೀರಿನಲ್ಲಿಡಬೇಕು.

ಉರಿಯ ದಿನಚರಿ ಬರೆದಿಡುವುದು ವೈದ್ಯರಿಗೆ ಬಹಳ ನೆರವು. ಓದು ಬರಹ ಬಾರದವರು ಬೆಳಗ್ಗೆ, ಮಧ್ಯಾಹ್ನ, ಸಂಜೆಗೆ ಕ್ಯಾಲೆಂಡರಿನ ಮೇಲೆ ಗೆರೆ ಎಳೆದರೂ ಸಾಕು.

ಮುನ್ನೋಟ ಮತ್ತು ಸದ್ಯದ ಸ್ಥಿತಿ

ಚಿಕಿತ್ಸೆಯಿಲ್ಲದೆ ತಾನಾಗಿ ಪೂರ್ತಿ ಗುಣವಾಗುವವರು ಕೆಲವರೇ. ಔಷಧ ಮತ್ತು ಸಮಾಲೋಚನೆಯಿಂದ ಅನೇಕರ ಉರಿ ಸಹಿಸಬಹುದಾದ ಮಟ್ಟಕ್ಕೆ ಇಳಿಯುತ್ತದೆ. ಈ ರೋಗ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ.

ಯಾದಗಿರಿಯಲ್ಲಿ ಜಿಲ್ಲಾ ಆಸ್ಪತ್ರೆಯೂ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇವೆ. ಶಹಾಪುರ, ಸುರಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಈ ರೋಗವನ್ನು ವಿಶೇಷವಾಗಿ ನೋಡುವ ವಿಭಾಗಕ್ಕೆ ಬಾಯಿ ರೋಗ ನಿದಾನ ಮತ್ತು ವಿಕಿರಣ ಚಿತ್ರಣ ವಿಭಾಗವೆಂದು ಹೆಸರು. ಅದು ದಂತ ವೈದ್ಯಕೀಯ ಕಾಲೇಜುಗಳಲ್ಲಿರುತ್ತದೆ. ಹತ್ತಿರದ ದಂತ ಕಾಲೇಜುಗಳು ಕಲಬುರಗಿ ಮತ್ತು ರಾಯಚೂರಿನಲ್ಲಿವೆ. ಯಾದಗಿರಿ ಪಟ್ಟಣಕ್ಕೆ ಮುಂಬೈ–ಚೆನ್ನೈ ರೈಲುಮಾರ್ಗದ ಅನುಕೂಲವಿದೆ. ಸುರಪುರ, ಶಹಾಪುರದವರು ಬಸ್ಸನ್ನೇ ನಂಬಬೇಕು, ಒಂದು ಸಲದ ಭೇಟಿಗೆ ಒಂದು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ರಕ್ತ ಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಿ, ಕೊರತೆಗಳನ್ನು ತುಂಬಿ, ಆಮೇಲೂ ಉಳಿದ ಉರಿಗೆ ಮಾತ್ರ ಹೊರಗೆ ಕಳುಹಿಸುವುದು ಈ ಜಿಲ್ಲೆಗೆ ಹೊಂದುವ ಕ್ರಮ. ಬಾಯಿ ಕ್ಯಾನ್ಸರ್ ಶಂಕೆಯಿದ್ದರೆ ಕಾಯದೆ ನೇರವಾಗಿ ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಕೇಂದ್ರಕ್ಕೆ ಕಳುಹಿಸಬಹುದು.

ಗುಳೆ ಹೋಗುವ ಕುಟುಂಬಗಳಲ್ಲಿ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಪರೀಕ್ಷೆಯ ಚೀಟಿ ಮತ್ತು ಔಷಧದ ಹೆಸರನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಬೆಂಗಳೂರಿನಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯದಲ್ಲಾಗಲಿ, ಪುಣೆಯ ಆಸ್ಪತ್ರೆಯಲ್ಲಾಗಲಿ ಮತ್ತೆ ಮೊದಲಿಂದ ಶುರುಮಾಡಬೇಕಾಗುವುದಿಲ್ಲ. 30 ವರ್ಷ ದಾಟಿದವರ ತಪಾಸಣೆಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ನಮೂನೆಯಲ್ಲಿ ತಂಬಾಕಿನ ಬಳಕೆ, ಬಾಯಿ ತೆರೆಯಲು ಕಷ್ಟ, ಎರಡು ವಾರದಲ್ಲಿ ಮಾಯದ ಬಾಯಿ ಹುಣ್ಣುಗಳ ಪ್ರಶ್ನೆಗಳಿವೆ. ಬಾಯಿ ಉರಿಯೆಂದು ಹೇಳುವ ಹೆಂಗಸು ಸಾಮಾನ್ಯವಾಗಿ ಮೊದಲು ಮಾತಾಡುವುದು ಆ ಕಾರ್ಯಕರ್ತೆಯೊಡನೆಯೇ.